ಗುಮಾಸ್ತನಿಗೂ ಆಡಿಟರಿಗೂ ನಡುವೆ

ವಾಣಿಜ್ಯ ವಿಷಯ ಓದುತ್ತಿರುವ ಮಗನೋ ಮಗಳೋ ಇರುವ ಮನೆಯಲ್ಲಿ ಮುಂದಿನ ಬದುಕಿನ ಮಾತು ಬಂದಾಗ ತಾಯ್ತಂದೆಗಳ ಕಣ್ಣೆದುರು ಎರಡೇ ಚಿತ್ರಗಳು ಸುಳಿಯುತ್ತವೆ. ಒಂದು, ಹೊಳೆಯುವ ನಾಮಫಲಕದ ಚಾರ್ಟರ್ಡ್ ಅಕೌಂಟೆಂಟರ ಕಚೇರಿ. ಇನ್ನೊಂದು, ಮಂಡಿಯ ಮೂಲೆಯಲ್ಲಿ ಕಿರ್ದಿ ಪುಸ್ತಕದ ಮೇಲೆ ಬಾಗಿ ಕುಳಿತ ಗುಮಾಸ್ತ. ಮೊದಲನೆಯದು ಎಲ್ಲರ ಕೈಗೆ ಎಟುಕುವುದಿಲ್ಲ. ಎರಡನೆಯದು ಯಾರಿಗೂ ಬೇಡ. ಇವೆರಡರ ನಡುವೆ ಮರ್ಯಾದೆಯಿಂದ ಜೀವಿಸಬಹುದಾದ ಉದ್ಯೋಗವೊಂದು ಬೆಳೆದು ನಿಂತಿರುವುದು ಅನೇಕ ಕುಟುಂಬಗಳಿಗೆ ತಿಳಿದೇ ಇಲ್ಲ.

ಅಕೌಂಟಿಂಗ್ ಟೆಕ್ನೀಷಿಯನ್, ಅಂದರೆ ಲೆಕ್ಕಪತ್ರ ತಂತ್ರಜ್ಞ, ಎಂಬುದು ಅದರ ಹೆಸರು. ಇಂಗ್ಲೆಂಡಿನಲ್ಲಿ ಇಂಥವರದೇ ಒಂದು ಸಂಘ 1980ರಲ್ಲಿ ಸ್ಥಾಪಿತವಾಯಿತು. ಭಾರತದಲ್ಲಿ 1959ರ ಕಾಯಿದೆಗೆ ಒಳಪಟ್ಟ ಕಾಸ್ಟ್ ಅಕೌಂಟೆಂಟರ ಸಂಸ್ಥೆಯು ಇವರಿಗಾಗಿ ಒಂದು ಶಿಕ್ಷಣಕ್ರಮವನ್ನು ನಡೆಸುತ್ತಿದೆ.

ಕೂಡುವುದು, ಕಳೆಯುವುದು, ತಾಳೆಪಟ್ಟಿ ತಯಾರಿಸುವುದು ಇವೆಲ್ಲ ಈಗ ಯಂತ್ರದ ಪಾಲಾಗಿವೆ. 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಆರಂಭಿಸಿದ ಉದ್ಯಮದ ಟ್ಯಾಲಿ ತಂತ್ರಾಂಶ ಇಂದು ಸಣ್ಣ ಊರಿನ ಅಂಗಡಿಯನ್ನೂ ಹೊಕ್ಕಿದೆ. (ತಾಳೆ ನೋಡುವುದಕ್ಕೂ ಟ್ಯಾಲಿಗೂ ಇರುವ ಧ್ವನಿಸಾಮ್ಯ ಆಕಸ್ಮಿಕವಾದರೂ ಸೊಗಸಾದುದೇ.) ಹಾಗಾದರೆ ಮನುಷ್ಯನಿಗೆ ಉಳಿದ ಕೆಲಸವೇನು?

ಒಬ್ಬ ವ್ಯಾಪಾರಿ ಒಂದು ಲಕ್ಷ ರೂಪಾಯಿಯ ವಿದ್ಯುತ್ ತಂತಿಯನ್ನು ಕೊಂಡನೆಂದಿಟ್ಟುಕೊಳ್ಳಿ. ನೂರಕ್ಕೆ 18ರಂತೆ ಜಿ.ಎಸ್.ಟಿ. ಸೇರಿಸಿ 1,18,000 ರೂಪಾಯಿಗಳನ್ನು ಸಗಟು ವರ್ತಕನಿಗೆ ಕೊಟ್ಟ. ಆ 18,000 ರೂಪಾಯಿಯನ್ನು, ತನ್ನ ಗಿರಾಕಿಗಳಿಂದ ವಸೂಲುಮಾಡಿ ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಆತ ಮುರಿದುಕೊಳ್ಳಬಹುದು. ಆದರೆ 2022ರ ಜನವರಿ 1ರಿಂದ ಇದಕ್ಕೊಂದು ಕಟ್ಟು ಬಿದ್ದಿದೆ: ಮಾರಿದವನು ಆ ಬಿಲ್ಲನ್ನು ತನ್ನ ವಿವರಪಟ್ಟಿಯಲ್ಲಿ ತೋರಿಸಿರಬೇಕು. ಅವನು ಮರೆತರೆ, ಕೊಂಡವನು ಆ ತಿಂಗಳು ಮತ್ತೆ 18,000 ರೂಪಾಯಿಯನ್ನು ಕೈಯಿಂದ ಹಾಕಬೇಕು. ಮಾರಿದವನು 11ನೆಯ ತಾರೀಖಿನೊಳಗೆ ವಿವರ ಸಲ್ಲಿಸಬೇಕು. 14ರಂದು ಕೊಂಡವನ ಪಟ್ಟಿ ಗಣಕದಲ್ಲಿ ಸಿದ್ಧವಾಗುತ್ತದೆ. ಪ್ರತಿ ತಿಂಗಳೂ ಲೆಕ್ಕ ಸಲ್ಲಿಸುವವನು 20ರೊಳಗೆ ತೆರಿಗೆ ಕಟ್ಟಬೇಕು. ನಡುವಣ ಆ ಆರು ದಿನಗಳಲ್ಲಿ ಪುಸ್ತಕವನ್ನೂ ಪಟ್ಟಿಯನ್ನೂ ಎದುರುಬದುರು ಇಟ್ಟುಕೊಂಡು, ಯಾವ ಬಿಲ್ಲು ಬಂದಿಲ್ಲ, ಏಕೆ ಬಂದಿಲ್ಲ ಎಂದು ಪತ್ತೆಹಚ್ಚುವ ಚುರುಕು ಕಣ್ಣಿಗೇ ಸಂಬಳ. ಇದರ ಜೊತೆಗೆ ಮೂಲದಲ್ಲಿ ಮುರಿದುಕೊಂಡ ವರಮಾನ ತೆರಿಗೆಯನ್ನು ಸಾಮಾನ್ಯವಾಗಿ 7ರೊಳಗೆ, ನೌಕರರ ಭವಿಷ್ಯನಿಧಿ ಮತ್ತು ವಿಮೆಯ ವಂತಿಗೆಯನ್ನು 15ರೊಳಗೆ ಕಟ್ಟುವುದೂ ಉಂಟು. ಲೆಕ್ಕದ ಕೋಣೆಗೆ ತನ್ನದೇ ಆದ ಪಂಚಾಂಗವಿದೆ. ಅದರ ತಿಥಿ ತಪ್ಪಿದರೆ ದಂಡವೋ ಬಡ್ಡಿಯೋ ತಪ್ಪದು.

ಈ ಕೆಲಸದಲ್ಲಿ ಇನ್ನೊಂದು ಭಾರವೂ ಇದೆ. 2023ರ ಏಪ್ರಿಲ್ 1ರಿಂದ ಕಂಪೆನಿಗಳು ಬಳಸುವ ಲೆಕ್ಕದ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯನ್ನೂ, ಅದು ನಡೆದ ದಿನಾಂಕವನ್ನೂ ದಾಖಲಿಸಲೇಬೇಕು. ಆ ವ್ಯವಸ್ಥೆಯನ್ನು ನಿಲ್ಲಿಸುವಂತಿಲ್ಲ. “ಮಾರ್ಚಿಯ ಬಿಲ್ಲನ್ನು ಸುಮ್ಮನೆ ಏಪ್ರಿಲಿಗೆ ತಳ್ಳಿಬಿಡಪ್ಪಾ” ಎಂದು ಯಜಮಾನ ಬಾಯಿಮಾತಿನಲ್ಲಿ ಹೇಳಿದರೂ, ಗುರುತು ಉಳಿಯುವುದು ಕೀಲಿಮಣೆಯ ಮುಂದೆ ಕುಳಿತ ಇಪ್ಪತ್ತೊಂದರ ತರುಣನ ಹೆಸರಿನಲ್ಲಿ. “ಆಗದು ಸಾರ್” ಎಂದು ವಿನಯದಿಂದ ಹೇಳುವ ಧೈರ್ಯವನ್ನು ಯಾವ ಪಠ್ಯಪುಸ್ತಕವೂ ಕಲಿಸುವುದಿಲ್ಲ. ನಿಯಮವನ್ನು ಬಲ್ಲವನಿಗೆ ಮಾತ್ರ ಅದು ಸ್ವಲ್ಪ ಸುಲಭ.

ತರಬೇತಿಯ ವಿಚಾರಕ್ಕೆ ಬಂದರೆ, ಪಿ.ಯು.ಸಿ. ತೇರ್ಗಡೆಯಾದವರು ಮೇಲೆ ಹೇಳಿದ ಸಂಸ್ಥೆಯ ಶಿಕ್ಷಣಕ್ರಮಕ್ಕೆ ಸೇರಬಹುದು. ಅದನ್ನು ಸಂಕ್ಷೇಪವಾಗಿ ‘ಕ್ಯಾಟ್’ ಎನ್ನುತ್ತಾರೆ. ಮ್ಯಾನೇಜ್‌ಮೆಂಟ್ ಕಾಲೇಜುಗಳ ಅದೇ ಹೆಸರಿನ ಪ್ರವೇಶಪರೀಕ್ಷೆಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಲೆಕ್ಕಪತ್ರ, ವಾಣಿಜ್ಯ ಕಾನೂನು, ತೆರಿಗೆ ಇವುಗಳೊಡನೆ ಗಣಕದ ಅಭ್ಯಾಸವೂ ಇರುತ್ತದೆ. ಸೇನೆಯಿಂದ ನಿವೃತ್ತರಾಗುವ ಜವಾನರಿಗೂ ಈ ತರಬೇತಿಯನ್ನು ಕೊಡಲಾಗಿದೆ. ಇದರಲ್ಲಿ ಉತ್ತೀರ್ಣರಾದವರು ಕಾಸ್ಟ್ ಅಕೌಂಟೆನ್ಸಿಯ ಇಂಟರ್‌ಮೀಡಿಯೆಟ್ ತರಗತಿಗೆ ನೇರವಾಗಿ ಸೇರಬಹುದೆಂಬುದು ಮುಖ್ಯವಾದ ಅಂಶ. ದೊಡ್ಡ ಪರೀಕ್ಷೆಯೊಂದರ ಬೆನ್ನುಹತ್ತಿ ನಾಲ್ಕೈದು ವರ್ಷ ಕಳೆದು, ನಡುದಾರಿಯಲ್ಲಿ ಕೈಸೋತು, ತೋರಿಸಲು ಒಂದು ಪ್ರಮಾಣಪತ್ರವೂ ಇಲ್ಲದೆ ಮನೆಗೆ ಮರಳುವ ಮಕ್ಕಳ ಸಂಕಟವನ್ನು ಕಂಡವರಿಗೆ ಈ ಮಾತಿನ ಬೆಲೆ ತಿಳಿದೀತು. ಒಂದು ಸಂಬಳದ ಮೇಲೆ ನಡೆಯುವ ಸಂಸಾರಕ್ಕೆ, ದುಡಿಯುತ್ತಲೇ ಮೇಲಿನ ಮೆಟ್ಟಿಲಿಗೆ ಓದುವ ದಾರಿಯೇ ಲೇಸು. ಮೊದಲ ಸಂಬಳ ಕಂಡು ಮೂಗುಮುರಿಯುವ ನೆಂಟರು ಇದ್ದೇ ಇರುತ್ತಾರೆ.

ಬಿ.ಕಾಂ. ಪದವೀಧರರಿಗೆ ಇನ್ನೊಂದು ಬಾಗಿಲೂ ತೆರೆದಿದೆ. 2017ರ ಜಿ.ಎಸ್.ಟಿ. ಕಾಯಿದೆಯ ನಿಯಮಗಳಂತೆ ನೋಂದಾಯಿಸಿಕೊಂಡರೆ, ಜಿ.ಎಸ್.ಟಿ. ಪ್ರಾಕ್ಟೀಷನರಾಗಿ ವ್ಯಾಪಾರಿಗಳ ಪರವಾಗಿ ವಿವರಪಟ್ಟಿಗಳನ್ನು ಸಲ್ಲಿಸಬಹುದು. ಕಂಪೆನಿಯ ಆಡಿಟ್ ವರದಿಗೆ ಸಹಿ ಹಾಕುವ ಅಧಿಕಾರ ಇವರಿಗಿಲ್ಲ. ಅದು ಚಾರ್ಟರ್ಡ್ ಅಕೌಂಟೆಂಟರದು. ಆದರೆ ಮನೆಯ ಒಂದು ಮೇಜು, ಒಂದು ಗಣಕ ಸಾಕಾಗುವುದರಿಂದ ಪೂರ್ತಿ ದಿನ ಹೊರಗೆ ದುಡಿಯಲಾಗದ ಗೃಹಿಣಿಯರಿಗೂ ಇದು ಒದಗಿಬರುವ ವೃತ್ತಿ. ತೆರಿಗೆ ಇಲಾಖೆಯ ನೋಟೀಸು ಇಂಗ್ಲಿಷಿನಲ್ಲಿ ಬಂದಾಗ, ದಾವಣಗೆರೆಯ ಕಿರಾಣಿ ವರ್ತಕ ಅದನ್ನು ಹಿಡಿದು ಮೊದಲು ಹುಡುಕುವುದು, ಅದರಲ್ಲೇನಿದೆ ಎಂದು ಕನ್ನಡದಲ್ಲಿ ಬಿಡಿಸಿ ಹೇಳಬಲ್ಲವರನ್ನು.