ಹಣ್ಣಿನ ಸಿಹಿ, ಮಾಂಸದ ಖಾರ

ಮಾಂಸದ ಸಾರಿಗೆ ಮಾವಿನಹಣ್ಣು ಹಾಕುತ್ತೇನೆಂದು ಹೊಸದಾಗಿ ಬಂದ ಸೊಸೆ ಹೇಳಿದಳೆನ್ನಿ. “ಇದೇನು ಸಾರೋ, ಸೀಕರಣೆಯೋ?” ಎಂದು ಹಿರಿಯರು ಹುಬ್ಬೇರಿಸದೆ ಇರುವುದಿಲ್ಲ. ಆದರೆ ಆ ಹಿರಿಯರದೇ ಅಡುಗೆಮನೆಯನ್ನು ಒಮ್ಮೆ ನೋಡಿರಿ. ಸಾರಿಗೆ ನೆನೆಹಾಕಿರುವುದು ಹುಣಸೆಹಣ್ಣು. ಹುರಿದ ತುಂಡುಗಳ ಮೇಲೆ ಹಿಂಡುವುದು ನಿಂಬೆಹಣ್ಣು. ಮಸಾಲೆಯೊಡನೆ ಬಾಡಿಸುವುದು ಟೊಮೆಟೊ ಹಣ್ಣು. ನಮ್ಮ ಭಾಷೆಯೇ ಇವೆಲ್ಲವನ್ನೂ ಹಣ್ಣುಗಳೆಂದು ಕರೆದಿದೆ! ಹೀಗಿರುವಾಗ ಮಾಂಸಕ್ಕೂ ಹಣ್ಣಿಗೂ ಹೊಂದಿಕೆಯಿಲ್ಲವೆನ್ನುವುದು ಹೇಗೆ? ಹುಳಿಹಣ್ಣಿಗೆ ತೆರೆದಿರುವ ಬಾಗಿಲನ್ನು ಸಿಹಿಹಣ್ಣಿಗೆ ಮುಚ್ಚಿದ್ದೇವೆ, ಅಷ್ಟೇ.

ಆ ಬಾಗಿಲನ್ನು ತೆರೆಯುವ ಬಗೆಯನ್ನು ವಿಚಾರಿಸುವುದು ಇಂದಿನ ಗೃಹಿಣಿಗೆ ಅನಾವಶ್ಯಕವಲ್ಲ. ಮಾಂಸದ ಬೆಲೆ ಏರುತ್ತಲೇ ಇದೆ. ವಾರಕ್ಕೊಮ್ಮೆ ಅರ್ಧ ಕಿಲೋ ತರುವ ಮನೆಯಲ್ಲಿ ಅದನ್ನು ಕೆಡಿಸಿಕೊಳ್ಳುವುದು ಸಣ್ಣ ನಷ್ಟವೇನಲ್ಲ. ಹಣ್ಣನ್ನು ಬಲ್ಲವರ ಕೈಯಲ್ಲಿ ಅದೇ ಅರ್ಧ ಕಿಲೋ ಹಬ್ಬದಡುಗೆಯಾಗುತ್ತದೆ. ಅರಿಯದವರ ಕೈಯಲ್ಲಿ ಅಡುಗೆ ಅತ್ತ ಸಾರೂ ಅಲ್ಲ, ಇತ್ತ ರಸಾಯನವೂ ಅಲ್ಲ ಎಂಬಂತಾಗುತ್ತದೆ.

ಹಳೆಯ ಸಂಪ್ರದಾಯ

ಇದು ಪಶ್ಚಿಮದಿಂದ ಬಂದ ಹೊಸ ಷೋಕಿಯೆಂದು ಯಾರೂ ಭಾವಿಸಬೇಕಾಗಿಲ್ಲ. ಸುಶ್ರುತಸಂಹಿತೆಯು ಮಾಂಸರಸದ ಗುಣಗಳನ್ನು ಹೇಳುವಾಗ ದಾಳಿಂಬೆ ಬೆರೆಸಿದ ಮಾಂಸರಸವನ್ನು ಬೇರೆಯಾಗಿಯೇ ಹೆಸರಿಸುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ ಬಗೆಬಗೆಯ ಮಾಂಸಪಾಕಗಳೂ ಅವುಗಳಿಗೆ ಹುಳಿರಸ ಕೂಡಿಸುವ ಕ್ರಮವೂ ಬಂದಿವೆ. ಇಂದಿನ ದಾವಣಗೆರೆ ಸೀಮೆಯೂ ಆ ಚಾಲುಕ್ಯರ ಆಳ್ವಿಕೆಗೆ ಒಳಪಟ್ಟಿದ್ದ ನಾಡೇ.

ಮುಂದೆ 17ನೆಯ ಶತಮಾನದಲ್ಲಿ ಬಿಜಾಪುರದ ಸೇನೆ ಈ ಕಡೆಗೆ ಬಂದಿತು. ಚನ್ನಗಿರಿ ತಾಲ್ಲೂಕಿನ ಸಂತೆಬೆನ್ನೂರಿನಲ್ಲಿ ಪುಷ್ಕರಣಿಯ ಪಕ್ಕದಲ್ಲೇ ನಿಂತಿರುವ ಮುಸಾಫಿರ್‌ಖಾನೆ ಆ ಕಾಲದ ಗುರುತು. ಬಿಜಾಪುರದ ಆಸ್ಥಾನಕ್ಕೆ ಪಾರಸಿ ದೇಶದೊಡನೆ ನಿಕಟ ಸಂಬಂಧವಿತ್ತು. ದಾಳಿಂಬೆಯ ರಸದಲ್ಲಿ ಆಕ್ರೋಟದ ಪುಡಿ ಬೆರೆಸಿ ಕೋಳಿ ಇಲ್ಲವೆ ಬಾತುಕೋಳಿಯನ್ನು ಬೇಯಿಸುವ ‘ಫೆಸೆಂಜಾನ್’ ಎಂಬ ಅಡುಗೆ ಪಾರಸಿಗರಲ್ಲಿ ಇಂದಿಗೂ ಪ್ರಸಿದ್ಧವಾಗಿದೆ. ನಮ್ಮ ಬಿರಿಯಾನಿಗಳಲ್ಲಿ ಅಲ್ಲಲ್ಲಿ ತಲೆಯೆತ್ತುವ ಒಣದ್ರಾಕ್ಷಿಯೂ ಆ ರುಚಿಯ ಬಂಧುವೇ. ಮೊರಾಕೋದವರು ಕುರಿಮಾಂಸಕ್ಕೆ ಒಣ ಪ್ಲಮ್ ಹಣ್ಣನ್ನೂ ಮುಂಬಯಿಯ ಪಾರ್ಸಿಗಳು ಜರ್ದಾಳುವನ್ನೂ ಸೇರಿಸುತ್ತಾರೆ. ನಮ್ಮ ಕೊಡಗಿನಲ್ಲಂತೂ ಕಾಚಂಪುಳಿಯಿಲ್ಲದೆ ಪಂದಿಕರಿಯೇ ಇಲ್ಲ. ಮಾಗಿದ ಹಣ್ಣುಗಳಿಂದ ಇಳಿದ ರಸವನ್ನು ಕಪ್ಪಾಗುವವರೆಗೆ ಕುದಿಸಿ ಬತ್ತಿಸಿದ ಹುಳಿಯದು.

ನಾಲ್ಕು ತಾಲ್ಲೂಕುಗಳ ಸಂಪತ್ತು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು: ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳನ್ನು ಒಮ್ಮೆ ಸುತ್ತಿ ಬಂದರೆ ಇಂತಹ ಅಡುಗೆಗೆ ಬೇಕಾದ ಪದಾರ್ಥಗಳೆಲ್ಲವೂ ಕಣ್ಣಿಗೆ ಬೀಳುತ್ತವೆ. 1997ರಲ್ಲಿ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಈಚೆಗೆ ಹೊನ್ನಾಳಿಯಿಂದ ಬೇರೆಯಾದ ತಾಲ್ಲೂಕು. ಹೀಗಾಗಿ ಅರೆಮಲೆನಾಡೂ ಒಣಬಯಲೂ ಒಂದೇ ಜಿಲ್ಲೆಯಲ್ಲಿ ಕೂಡಿಕೊಂಡಿವೆ.

ಚನ್ನಗಿರಿಯ ಕಡೆ ಸೂಳೆಕೆರೆಯ ನೀರು, ಭದ್ರಾ ಕಾಲುವೆ, ಅಡಿಕೆ ಬಾಳೆಗಳ ತೋಟಗಳು, ಮಾವಿನ ತೋಪುಗಳು. ಹೊನ್ನಾಳಿಗೆ ತುಂಗಭದ್ರೆಯ ದಡ. ನ್ಯಾಮತಿ ಶಿವಮೊಗ್ಗದ ಮಗ್ಗುಲಿನ ಊರಾದುದರಿಂದ ಮಲೆನಾಡಿನ ಅನಾನಸು, ಕಾಳುಮೆಣಸುಗಳು ಅಲ್ಲಿಗೆ ದೂರದವಲ್ಲ. ಜಗಳೂರಿನ ಮಾತೇ ಬೇರೆ: ಮಳೆ ಕಡಿಮೆ, ಕುರುಚಲು ಗಿಡಗಳ ಬಯಲು, ಕುರಿ ಮೇಕೆಗಳ ಹಿಂಡು. ಮೈಲಿಗಟ್ಟಲೆ ನಡೆದು ಮೇಯುವ ಕುರಿಯ ಮಾಂಸಕ್ಕೆ ರುಚಿ ಹೆಚ್ಚು. ಅದರ ಜೊತೆಗೆ ನಾರೂ ಬಿಗಿಯೂ ಹೆಚ್ಚು. ಅದು ಬೇಯಲು ಸಮಯ ಬೇಕು, ತಾಳ್ಮೆ ಬೇಕು. ಈ ಸೀಮೆಯ ಸಾರು ಹುಣಸೆ, ಕೊಬ್ಬರಿ, ಒಣಮೆಣಸಿನಕಾಯಿಗಳನ್ನು ಬಲ್ಲದು. ಅದಕ್ಕೆ ಇಲ್ಲಿಯದೇ ಮಾವನ್ನು ಜೊತೆಮಾಡಿದರೆ ಹೊರಗಿನಿಂದ ಏನನ್ನೂ ಎರವಲು ತಂದಂತಾಗುವುದಿಲ್ಲ.

ಗೊಜ್ಜು ಕಲಿಸಿದ ಪಾಠ

ಸಿಹಿಹಣ್ಣನ್ನು ಖಾರದೊಡನೆ ಹೊಂದಿಸುವ ವಿದ್ಯೆ ನಮಗೆ ಹೊಸದಲ್ಲ. ಅನಾನಸಿನ ಗೊಜ್ಜು, ಮಾವಿನಹಣ್ಣಿನ ಸಾಸಿವೆ, ಕರಾವಳಿಯ ಮೆಣಸ್ಕಾಯಿ—ಇವುಗಳನ್ನು ಮಾಡಬಲ್ಲ ಕೈಗೆ ಬೇರೆ ಗುರು ಬೇಡ. ಗೊಜ್ಜಿನಲ್ಲಿ ಸಿಹಿ ಒಂಟಿಯಾಗಿ ನಿಲ್ಲುವುದಿಲ್ಲ. ಉಪ್ಪು, ಹುಳಿ, ಖಾರ ಮೂರೂ ಅದನ್ನು ಹಿಡಿದು ನಿಲ್ಲಿಸುತ್ತವೆ. ಮಾಂಸಕ್ಕೂ ಇದೇ ನಿಯಮ. ಕೊಬ್ಬಿನ ಜಿಡ್ಡನ್ನು ಹುಳಿ ಕತ್ತರಿಸುತ್ತದೆ. ಮೆಣಸಿನಕಾಯಿಯ ಉರಿಯನ್ನು ಸಿಹಿ ತಣಿಸುತ್ತದೆ. ಇವೆರಡನ್ನೂ ಉಪ್ಪು ಒಂದುಗೂಡಿಸುತ್ತದೆ. ಆದುದರಿಂದ ಬರಿಯ ಸಿಹಿಯ ಹಣ್ಣಿಗಿಂತ ಸಿಹಿಯೊಡನೆ ಹುಳಿಯೂ ಉಳಿದಿರುವ ಹಣ್ಣೇ ಇಲ್ಲಿ ಯೋಗ್ಯ. ರಸಪುರಿಯನ್ನು ಊಟದ ಕೊನೆಗೆ ಕಾದಿಡಿರಿ. ಅಡುಗೆಗೆ ಅರೆಹಣ್ಣಾದ ಗಿಣಿಮೂತಿ ಮಾವು, ಇಲ್ಲವೆ ಹುಳಿಸಿಹಿಯ ನಾಟಿ ಮಾವು ಒಳ್ಳೆಯದು.

ಎರಡನೆಯ ನಿಯಮ ಸಮಯದ್ದು. ಮಾಂಸ ಪೂರ್ತಿ ಬೆಂದ ಮೇಲೆಯೇ ಹಣ್ಣು ಪಾತ್ರೆಗೆ ಬೀಳಬೇಕು. ಮೊದಲೇ ಹಾಕಿದರೆ ಹಣ್ಣಿನ ಸಕ್ಕರೆ ತಳ ಹಿಡಿದು ಕಹಿಯಾಗುತ್ತದೆ, ಸುವಾಸನೆ ಹಬೆಯೊಡನೆ ಹಾರಿಹೋಗುತ್ತದೆ.

ಮೂರನೆಯದು ಕೆಲವು ಹಣ್ಣುಗಳ ಗುಪ್ತಶಕ್ತಿ. ಪರಂಗಿಕಾಯಿಯ ಹಾಲಿನಲ್ಲಿ ಪಪೇನ್, ಹಸಿ ಅನಾನಸಿನಲ್ಲಿ ಬ್ರೊಮೆಲೈನ್ ಎಂಬ ಕಿಣ್ವಗಳಿವೆ. ಇವು ಮಾಂಸದ ಪ್ರೋಟೀನನ್ನು ಒಡೆದು ಮೆತ್ತಗೆ ಮಾಡುತ್ತವೆ. ಅನಾನಸು ತಿಂದಾಗ ನಾಲಗೆ ಚುರುಗುಟ್ಟುವುದಕ್ಕೂ ಈ ಕಿಣ್ವವೇ ಒಂದು ಕಾರಣ. ಗಟ್ಟಿಯಾದ ಕುರಿಮಾಂಸಕ್ಕೆ ಒಂದು ಚಮಚ ಅರೆದ ಪರಂಗಿಕಾಯಿ ಸವರಿ ಅರ್ಧ ಗಂಟೆ ಬಿಟ್ಟರೆ ಉಪಕಾರವೇ ಸರಿ; ರಾತ್ರಿಯೆಲ್ಲಾ ಬಿಟ್ಟರೆ ಮೇಲ್ಪದರ ಹಿಟ್ಟಿನಂತಾಗಿ ಅಡುಗೆ ಕೆಡುವುದು. ಕುದಿಸಿದೊಡನೆ ಈ ಶಕ್ತಿ ನಾಶವಾಗುತ್ತದೆ. ಮೆದುವಾದ ಕೋಳಿಮಾಂಸಕ್ಕೆ ಅನಾನಸು ಹಾಕುವಾಗ ಹೋಳುಗಳನ್ನು ಮೊದಲೇ ಐದು ನಿಮಿಷ ಬೇಯಿಸಿಕೊಳ್ಳಬೇಕೆನ್ನುವುದು ಇದಕ್ಕಾಗಿಯೇ.

ಮಾವಿನಹಣ್ಣಿನ ಮಾಂಸದ ಗೊಜ್ಜು

ಬೇಕಾಗುವ ಸಾಮಾನುಗಳು: ಮೂಳೆಸಹಿತ ಕುರಿಮಾಂಸ ಅರ್ಧ ಕಿಲೋ, ಅರೆಹಣ್ಣಾದ ಮಾವು ಒಂದು, ಈರುಳ್ಳಿ ಮೂರು, ಬ್ಯಾಡಗಿ ಮೆಣಸಿನಕಾಯಿ ಎಂಟು, ಧನಿಯ ಎರಡು ಚಮಚ, ಕಾಳುಮೆಣಸು ಅರ್ಧ ಚಮಚ, ಚಕ್ಕೆ ಒಂದು ತುಂಡು, ಲವಂಗ ನಾಲ್ಕು, ತೆಂಗಿನ ತುರಿ ಅರ್ಧ ಬಟ್ಟಲು, ಶುಂಠಿ, ಬೆಳ್ಳುಳ್ಳಿ, ಅರಿಸಿನ, ಉಪ್ಪು, ಎಣ್ಣೆ.

ಮಾಂಸವನ್ನು ತೊಳೆದು ಅರಿಸಿನ, ಉಪ್ಪು, ಜಜ್ಜಿದ ಶುಂಠಿ ಬೆಳ್ಳುಳ್ಳಿ ಹಚ್ಚಿಡಿ. ಎಣ್ಣೆಯಲ್ಲಿ ಹೆಚ್ಚಿದ ಈರುಳ್ಳಿಯನ್ನು ಕೆಂಪಗೆ ಹುರಿದು, ಮಾಂಸ ಸೇರಿಸಿ ನೀರಿನಂಶ ಆರುವವರೆಗೆ ಬಾಡಿಸಿ. ಎರಡು ಲೋಟ ನೀರು ಹಾಕಿ ಕುಕ್ಕರಿನಲ್ಲಿ ಐದಾರು ಕೂಗು, ತೆರೆದ ಪಾತ್ರೆಯಾದರೆ ಒಂದು ಗಂಟೆಗೂ ಮಿಗಿಲಾಗಿ ಬೇಯಿಸಿ. ಮಾಂಸ ಮೂಳೆ ಬಿಡುವಂತಿರಬೇಕು. ಮೆಣಸಿನಕಾಯಿ, ಧನಿಯ, ಕಾಳುಮೆಣಸು, ಚಕ್ಕೆ, ಲವಂಗಗಳನ್ನು ಹುರಿದು ತೆಂಗಿನೊಡನೆ ನುಣ್ಣಗೆ ಅರೆದು ಕೂಡಿಸಿ ಹತ್ತು ನಿಮಿಷ ಕುದಿಸಿರಿ. ಸಿಪ್ಪೆ ತೆಗೆದು ಹೆಬ್ಬೆಟ್ಟಿನ ಗಾತ್ರಕ್ಕೆ ಹೆಚ್ಚಿದ ಮಾವನ್ನೂ ವಾಟೆಯನ್ನೂ ಈಗ ಹಾಕಿ. ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಸಾಕು. ಸೌಟಿನಿಂದ ಬಲವಾಗಿ ಕಲಕಿದರೆ ಹೋಳುಗಳು ಕರಗಿಹೋಗುತ್ತವೆ. ಪಾತ್ರೆಯನ್ನೇ ಮೆಲ್ಲನೆ ಅಲುಗಿಸಿ. ಕೊನೆಗೆ ರುಚಿ ನೋಡಿ. ಹುಳಿ ಸಾಲದಿದ್ದರೆ ಚೂರು ಹುಣಸೆರಸ ಬಿಡಿ. ಬೆಲ್ಲ ಮಾತ್ರ ಬೇಡ. ಹಣ್ಣಿನ ಸಿಹಿಯೇ ಇಲ್ಲಿ ಮುಖ್ಯ. ಜೋಳದ ರೊಟ್ಟಿಗೂ ಬಿಸಿ ಅನ್ನಕ್ಕೂ ಇದು ಒಪ್ಪುತ್ತದೆ.

ದಾಳಿಂಬೆಯ ಕೈಮಾ

ಎರಡು ದಾಳಿಂಬೆಗಳ ಕಾಳನ್ನು ಹಿಂಡಿ, ರಸವನ್ನು ಮೂರರಲ್ಲೊಂದು ಪಾಲಾಗುವಂತೆ ಬತ್ತಿಸಿಕೊಳ್ಳಿ. ಕಲಾಯಿಯಿಲ್ಲದ ಹಿತ್ತಾಳೆ ಪಾತ್ರೆ ಇದಕ್ಕೆ ಸಲ್ಲದು. ಹುಳಿಗೆ ಲೋಹ ಬಿಟ್ಟುಕೊಂಡು ಕಿಲುಬಾಗುತ್ತದೆ. ಅರ್ಧ ಕಿಲೋ ಕೈಮಾವನ್ನು ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಗರಂ ಮಸಾಲೆಯೊಡನೆ ನೀರಾರುವವರೆಗೆ ಬೇಯಿಸಿ, ಬತ್ತಿಸಿದ ರಸ ಸುರಿದು ಎರಡು ನಿಮಿಷ ಕೈಯಾಡಿಸಿ ಇಳಿಸಿ. ಮೇಲೆ ಒಂದು ಹಿಡಿ ಹಸಿ ಕಾಳು ಉದುರಿಸಿದರೆ ನೋಟಕ್ಕೂ ಚೆಂದ, ಹಲ್ಲಿಗೂ ಸೊಗಸು. ಚಪಾತಿಯೊಳಗೆ ಸುತ್ತಿಕೊಟ್ಟರೆ ಮಕ್ಕಳು ಬೇಡವೆನ್ನಲಾರರು.

ಮಾಂಸಾಹಾರ ಸೇವಿಸದ ವಾಚಕಿಯರು ನಿರಾಶರಾಗಬೇಕಾಗಿಲ್ಲ. ಎಳೆಯ ಹಲಸಿನಕಾಯಿಯನ್ನೋ ಸುವರ್ಣಗೆಡ್ಡೆಯನ್ನೋ ಹೋಳುಮಾಡಿ ಇದೇ ಮಸಾಲೆಯಲ್ಲಿ ಮಾವಿನೊಡನೆ ಬೇಯಿಸಬಹುದು. ಆಗಲೂ ಹೋಳು ಮೊದಲು ಬೇಯಲಿ, ಹಣ್ಣು ಕೊನೆಗೆ ಬರಲಿ. ಹುಳಿ ಮೊದಲೇ ಸೇರಿದರೆ ತರಕಾರಿ ಮೆತ್ತಗಾಗದೆ ಹಟಹಿಡಿಯುತ್ತದೆ.

ಯುಗಾದಿಯಂದು ಬೇವುಬೆಲ್ಲವನ್ನು ಒಟ್ಟಿಗೆ ಮೆಲ್ಲುವ ನಮಗೆ ರುಚಿಗಳ ಬೆರಕೆ ಭಯ ಹುಟ್ಟಿಸುವ ವಿಷಯವೇನೂ ಅಲ್ಲ. ಹೊಸತೊಡಕಿನ ದಿನ ಮಾಂಸದೊಡನೆ ಮಾವಿನಕಾಯಿಯನ್ನು ಹಾಕಿ ಆರಂಭಿಸಿದರೆ ಹುಳಿ ಬಲ್ಲ ಹಿರಿಯರು ಆಕ್ಷೇಪಿಸುವುದಿಲ್ಲ. ಕಾರಹುಣ್ಣಿಮೆಯ ಹೊತ್ತಿಗೆ ಕಾಯಿ ತಾನಾಗಿಯೇ ಹಣ್ಣಾಗಿರುತ್ತದೆ. ಅಷ್ಟರಲ್ಲಿ ಮನೆಯವರ ನಾಲಗೆಯೂ ಹದಕ್ಕೆ ಬಂದಿರುತ್ತದೆ.