ಫಿಲ್ಟರ್ ಸಾಲು: ನಾವು ಅಂದುಕೊಂಡದ್ದು, ಯಂತ್ರ ಓದಿದ್ದು

‘ಕನ್ನಡ ಆರ್ ತುಳು ಆ್ಯಂಡ್ ಕಾವ್ಯ.’ ಗ್ರಂಥಾಲಯದ ಕ್ಯಾಟಲಾಗಿನಲ್ಲಿ ಇಂಥ ಷರತ್ತು ಹಾಕುವವರಲ್ಲಿ ಎರಡು ನಂಬಿಕೆಗಳಿವೆ. ಕನ್ನಡ, ತುಳು ಎರಡರ ಕಾವ್ಯವೂ ಸಿಗುತ್ತದೆ ಎಂದು ಕೆಲವರು ನಂಬುತ್ತಾರೆ. ಪ್ರೋಗ್ರಾಮಿಂಗ್ ಬಲ್ಲವರ ಎಣಿಕೆ ಬೇರೆ: ಶಾಲೆಯ ಲೆಕ್ಕದಲ್ಲಿ ಗುಣಾಕಾರ ಮೊದಲು, ಕೂಡುವುದು ಆಮೇಲೆ ಇದ್ದಂತೆ ಇಲ್ಲಿ ಆ್ಯಂಡ್ ಮೊದಲು, ಆರ್ ಆಮೇಲೆ. ಆದ್ದರಿಂದ ಕನ್ನಡದ ಎಲ್ಲ ಪುಸ್ತಕಗಳ ಜೊತೆ ತುಳು ಕಾವ್ಯವೂ ಬರುತ್ತದೆ ಎಂಬುದು ಅವರ ನಂಬಿಕೆ. ಅಪಾಚೆ ಲೂಸೀನ್ ಎಂಬ ಶೋಧ ತಂತ್ರಾಂಶದಲ್ಲಿ ಸಾಲನ್ನು ಬಿಡಿಸಿ ಓದುವ ಹಳೆಯ ಪಾರ್ಸರ್ ಮುಂದೆ ಈ ಎರಡೂ ನಿಲ್ಲುವುದಿಲ್ಲ.

ಡಗ್ ಕಟಿಂಗ್ 1999ರಲ್ಲಿ ಜಾವಾದಲ್ಲಿ ಬರೆದ ಲೂಸೀನ್ ಇಂದು ಸೋಲರ್, ಎಲಾಸ್ಟಿಕ್‌ಸರ್ಚ್ ಎಂಬ ಎರಡು ಶೋಧ ಯಂತ್ರಗಳ ಒಳಗೂ ಇದೆ. ಸಂಶೋಧನಾ ಪ್ರಬಂಧಗಳ ಭಂಡಾರಗಳನ್ನು ನಡೆಸುವ ಡಿಸ್ಪೇಸ್ ತಂತ್ರಾಂಶ ಹುಡುಕಾಟಕ್ಕೆ ಸೋಲರ್ ಅನ್ನೇ ನೆಚ್ಚಿದೆ. ಇದೆಲ್ಲದರ ಕೋಡ್ ಮುಕ್ತವಾಗಿದೆ. ಯಾರು ಬೇಕಾದರೂ ತೆರೆದು ಓದಬಹುದು.

ಹಾಗೆ ತೆರೆದು ನೋಡಿದರೆ ಆಶ್ಚರ್ಯವಾಗುತ್ತದೆ. ಲೂಸೀನ್ ಒಳಗೆ ಆ್ಯಂಡ್, ಆರ್ ಎಂಬ ಕ್ರಿಯೆಗಳೇ ಇಲ್ಲ. ಪ್ರತಿ ಪದಕ್ಕೂ ಒಂದು ಗುರುತು ಮಾತ್ರ ಅಂಟಿಕೊಳ್ಳುತ್ತದೆ: ಇರಲೇಬೇಕು, ಇದ್ದರೆ ಒಳ್ಳೆಯದು, ಇರಕೂಡದು. ಪಾರ್ಸರ್‌ನಲ್ಲಿ ‘ಆ್ಯಡ್‌ಕ್ಲಾಜ್’ ಎಂಬ ಚಿಕ್ಕ ಫಂಕ್ಷನ್ ಎಡದಿಂದ ಬಲಕ್ಕೆ ನಡೆಯುತ್ತ ಈ ಗುರುತು ಹಚ್ಚುತ್ತದೆ. ಬೇರೇನೂ ಹೇಳದಿದ್ದರೆ ಪದಗಳ ನಡುವೆ ‘ಆರ್’ ಇದೆ ಎಂದೇ ಅದರ ಲೆಕ್ಕ. ಆದ್ದರಿಂದ ಮೊದಲು ಬಂದ ಕನ್ನಡಕ್ಕೂ ಆಮೇಲೆ ಬಂದ ತುಳುವಿಗೂ ‘ಇದ್ದರೆ ಒಳ್ಳೆಯದು’ ಬೀಳುತ್ತದೆ. ಮುಂದೆ ‘ಆ್ಯಂಡ್’ ಸಿಕ್ಕಿತೋ, ಫಂಕ್ಷನ್ ಒಂದು ಹೆಜ್ಜೆ ಹಿಂದೆ ಹೋಗಿ ತುಳುವಿನ ಗುರುತನ್ನು ‘ಇರಲೇಬೇಕು’ ಎಂದು ತಿದ್ದುತ್ತದೆ. ಕಾವ್ಯಕ್ಕೂ ಅದೇ ಗುರುತು. ಹಾಗಾಗಿ ತುಳುವೂ ಕಾವ್ಯವೂ ಕಡ್ಡಾಯವಾಗಿ, ಕನ್ನಡ ಐಚ್ಛಿಕವಾಗಿ ಉಳಿಯುತ್ತದೆ.

ಸಾಮಾನ್ಯ ಹುಡುಕಾಟದಲ್ಲಾದರೆ ಐಚ್ಛಿಕ ಪದ ಅಂಕ ಹೆಚ್ಚಿಸಿ ಪುಸ್ತಕವನ್ನು ಮೇಲಕ್ಕೆ ತರುತ್ತದೆ. ಫಿಲ್ಟರ್‌ಗೆ ಅಂಕದ ಹಂಗೇ ಇಲ್ಲ; ಒಳಗೆ ಬಿಡುವುದು ಇಲ್ಲವೇ ಹೊರಗಿಡುವುದು, ಅಷ್ಟೇ. ಆದ್ದರಿಂದ ಅಲ್ಲಿ ‘ಕನ್ನಡ’ ಎಂಬ ಪದ ಬರೆದೂ ಬರೆಯದಂತೆ. ತುಳುವಿನ ಹೆಸರಿಲ್ಲದ ಕನ್ನಡ ಕಾವ್ಯದ ಒಂದು ಪುಸ್ತಕವೂ ಪಟ್ಟಿಗೆ ಬರುವುದಿಲ್ಲ. ‘(ಕನ್ನಡ ಆರ್ ತುಳು) ಆ್ಯಂಡ್ ಕಾವ್ಯ’ ಎಂದು ಆವರಣ ಹಾಕಬೇಕು. ಈ ಪಾರ್ಸರ್‌ನಲ್ಲಿ ಆ್ಯಂಡ್, ಆರ್ ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಇರಬೇಕು. ಸಣ್ಣಕ್ಷರದ ‘ಆ್ಯಂಡ್’ ಹುಡುಕಬೇಕಾದ ಮತ್ತೊಂದು ಪದ ಮಾತ್ರ.

‘ಲೇಖಕ:ಶಿವರಾಮ ಕಾರಂತ’ ಎಂದರೆ ಇಡೀ ಹೆಸರನ್ನು ಲೇಖಕರ ಫೀಲ್ಡ್‌ನಲ್ಲಿ ಹುಡುಕುತ್ತದೆ ಎಂಬುದೂ ತಪ್ಪೇ. ಫೀಲ್ಡ್‌ನ ಹೆಸರು ಅದಕ್ಕೆ ತಾಗಿದ ಒಂದು ಪದಕ್ಕೆ ಮಾತ್ರ ಸಲ್ಲುತ್ತದೆ. ಖಾಲಿ ಜಾಗದ ಆಚೆಗಿನ ‘ಕಾರಂತ’ ಬೇರೆ ಫೀಲ್ಡ್‌ಗೆ, ಏನೂ ಹೇಳದಿದ್ದಾಗ ನೋಡಬೇಕಾದದ್ದು ಎಂದು ಮೊದಲೇ ಗೊತ್ತುಮಾಡಿಟ್ಟ ಫೀಲ್ಡ್‌ಗೆ ಹೋಗುತ್ತದೆ. ಹೆಸರಿಗೆ ಉದ್ಧರಣ ಚಿಹ್ನೆ ಹಾಕಬೇಕು.

ಇನ್ನು ‘ಬೇಡ’ ಎನ್ನುವ ಷರತ್ತು. ಇಂಗ್ಲಿಷ್ ಬೇಡ ಎಂದರೆ ಉಳಿದೆಲ್ಲ ಬೇಕು ಎಂದೇ ನಮಗೆ ಅರ್ಥ. ಲೂಸೀನ್‌ಗೆ ಹಾಗಲ್ಲ: ಕೈಯಲ್ಲಿರುವ ಗುಂಪಿನಿಂದ ಕೆಲವನ್ನು ತೆಗೆಯಲು ಅದಕ್ಕೆ ಬರುತ್ತದೆ, ಗುಂಪೇ ಇಲ್ಲದಿದ್ದರೆ ಉತ್ತರ ಸೊನ್ನೆ. ಸಾಲು ಪೂರ್ತಿ ‘ಬೇಡ’ವೇ ಆಗಿದ್ದರೆ ಸೋಲರ್ ತಾನಾಗಿ ‘ಎಲ್ಲ ದಾಖಲೆಗಳು’ ಎಂಬುದನ್ನು ಸೇರಿಸಿಕೊಂಡು ಕಾಪಾಡುತ್ತದೆ. ಅದೇ ‘ಬೇಡ’ ಆವರಣದ ಒಳಗೆ ಒಂಟಿಯಾಗಿ ಕುಳಿತರೆ ಕಾಪಾಡುವುದಿಲ್ಲ. ಅಲ್ಲಿ ನಕ್ಷತ್ರ, ವಿಸರ್ಗದಂಥ ಎರಡು ಚುಕ್ಕೆ, ಮತ್ತೆ ನಕ್ಷತ್ರ (*:*) ಎಂದು ನಾವೇ ಬರೆಯಬೇಕು.

ಫಿಲ್ಟರ್ ಹೆಚ್ಚಿದಷ್ಟೂ ಹುಡುಕಾಟ ನಿಧಾನ ಎಂಬ ಮಾತೂ ಇದೆ. ಆದರೆ ಒಂದು ಫಿಲ್ಟರ್‌ಗೆ ಒಪ್ಪುವ ದಾಖಲೆಗಳ ಗುಂಪನ್ನು ಸೋಲರ್ ಒಮ್ಮೆ ಕಂಡುಕೊಂಡು ನೆನಪಿನಲ್ಲಿಡುತ್ತದೆ. ದಾಖಲೆಗೊಂದು ಬಿಟ್ ಎಂದರೂ 1 ಕೋಟಿ ದಾಖಲೆಗಳಿಗೆ ಸುಮಾರು 12.5 ಲಕ್ಷ ಬೈಟ್ ಸಾಕು. ಮುಂದಿನ ಸಲ ಅದೇ ಫಿಲ್ಟರ್ ಬಂದಾಗ ಹೊಸದಾಗಿ ಹುಡುಕುವ ಕೆಲಸವಿಲ್ಲ. ಭಾಷೆಗೊಂದು, ವರ್ಷಕ್ಕೊಂದು ಎಂದು ಬೇರೆ ಬೇರೆ ಸಾಲಾಗಿ ಕೊಟ್ಟರೆ ಪ್ರತಿಯೊಂದೂ ಮರುಬಳಕೆಗೆ ಒದಗುತ್ತದೆ.

ನನಗೆ ಎಲ್ಲಕ್ಕಿಂತ ಅಪಾಯಕಾರಿ ಎನಿಸುವುದು ‘ತಪ್ಪಿದ್ದರೆ ಯಂತ್ರವೇ ಹೇಳುತ್ತದೆ’ ಎಂಬ ನಂಬಿಕೆ. ಮೇಲಿನ ಯಾವ ಸಾಲಿಗೂ ಲೂಸೀನ್ ವ್ಯಾಕರಣದಲ್ಲಿ ದೋಷವಿಲ್ಲ. ತನಗೆ ತೋಚಿದಂತೆ ಓದಿ ಪಟ್ಟಿ ಕೊಡುತ್ತದೆ. ಪಟ್ಟಿಯಲ್ಲಿಲ್ಲದ ಪ್ರಬಂಧ ಲೋಕದಲ್ಲೇ ಇಲ್ಲ ಎಂದು ವಿದ್ಯಾರ್ಥಿ ಬರೆದುಬಿಡುತ್ತಾನೆ. ಆದರೆ ಎಲ್ಲ ಶೋಧ ಯಂತ್ರಗಳೂ ಹೀಗೆ ಸುಮ್ಮನಿರುವುದಿಲ್ಲ. ರಸ್ಟ್ ಭಾಷೆಯಲ್ಲಿ ಬರೆದ ಮೇಲಿಸರ್ಚ್‌ನ ಪಾರ್ಸರ್ ಮೊದಲು ಆರ್, ಅದರೊಳಗೆ ಆ್ಯಂಡ್, ಅದರೊಳಗೆ ನಾಟ್ (‘ಬೇಡ’) ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ಗಣಿತದ ಕ್ರಮವನ್ನೇ ಪಾಲಿಸುತ್ತದೆ. ಹೆಸರಿನ ನಡುವೆ ಖಾಲಿ ಜಾಗ ಬಿಟ್ಟು ಉದ್ಧರಣ ಚಿಹ್ನೆ ಮರೆತರೆ, ಕೊನೆಯಲ್ಲಿ ಅನಿರೀಕ್ಷಿತ ಅಕ್ಷರಗಳಿವೆ, ಆರ್ ಅಥವಾ ಆ್ಯಂಡ್ ಮರೆತಿರಬಹುದು ಎಂದು ನಿಲ್ಲಿಸಿ ಹೇಳುತ್ತದೆ. ಕನ್ನಡಿಗರು ಅಲ್ಲಿ ಉದ್ಧರಣ ಚಿಹ್ನೆಯನ್ನು ಯಾವಾಗಲೂ ಹಾಕುವುದು ಒಳ್ಳೆಯದು. ಚಿಹ್ನೆಯಿಲ್ಲದ ಪದದಲ್ಲಿ ಅದು ಅಕ್ಷರ, ಅಂಕಿ ಮತ್ತು ಕೆಲವೇ ಗುರುತುಗಳನ್ನು ಒಪ್ಪುತ್ತದೆ. ಒತ್ತಕ್ಷರ ಮೂಡಿಸುವ ಹಲಂತವನ್ನು ಯೂನಿಕೋಡ್ ಅಕ್ಷರಗಳ ಸಾಲಿಗೆ ಸೇರಿಸಿಲ್ಲ.

ಸೋಲರ್ ಬಳಸುವವರಿಗೂ ಒಂದು ಕಿಂಡಿಯಿದೆ. ವಿನಂತಿಯ ಜೊತೆ ‘ಡಿಬಗ್‌ಕ್ವೆರಿ’ ಆಯ್ಕೆಯನ್ನು ಸೇರಿಸಿ ಕಳಿಸಿದರೆ, ಪ್ರತಿ ಫಿಲ್ಟರನ್ನೂ ತಾನು ಹೇಗೆ ಬಿಡಿಸಿಕೊಂಡೆ ಎಂಬುದನ್ನು ಅದು ಉತ್ತರದ ಕೊನೆಯಲ್ಲಿ ಬರೆದು ಕೊಡುತ್ತದೆ. ಯಾವ ಪದದ ಮುಂದೆ ಕೂಡುವ ಗುರುತು ಇದೆಯೋ ಅದು ಕಡ್ಡಾಯ, ಯಾವುದರ ಮುಂದೆ ಏನೂ ಇಲ್ಲವೋ ಅದು ಐಚ್ಛಿಕ.