ಮೂರೂರಿನ ಮನೆಗೆ ಒಂದೇ ಫೈಲ್ ಸರ್ವರ್

ರಾಯಚೂರಿನಲ್ಲಿ ಮನೆ, ಮಾನ್ವಿಯಲ್ಲಿ ಗದ್ದೆ, ದೇವದುರ್ಗದಲ್ಲಿ ಅಣ್ಣನೋ ಅಕ್ಕನೋ. ನಮ್ಮ ಜಿಲ್ಲೆಯ ಎಷ್ಟೋ ಕುಟುಂಬಗಳು ಹೀಗೆ ಹಂಚಿಹೋಗಿವೆ, ಅವರ ಕಾಗದಪತ್ರಗಳೂ ಅಷ್ಟೇ. ಪಹಣಿಯ ಸ್ಕ್ಯಾನ್ ಅಂಗಡಿಯ ವಿಂಡೋಸ್ ಕಂಪ್ಯೂಟರಿನಲ್ಲಿ, 371(ಜೆ) ಅರ್ಹತಾ ಪತ್ರ ಮಗಳ ಮ್ಯಾಕ್‌ಬುಕ್‌ನಲ್ಲಿ, ಮದುವೆ ವಿಡಿಯೊ ಮಗನ ಉಬುಂಟು ಲ್ಯಾಪ್‌ಟಾಪ್‌ನಲ್ಲಿ. ಪೆನ್‌ಡ್ರೈವ್ ಎಫ್‌ಎಟಿ32 ಆಗಿದ್ದರೆ 4 ಜಿಬಿ ದಾಟಿದ ವಿಡಿಯೊ ಅದರಲ್ಲಿ ಹಿಡಿಸುವುದಿಲ್ಲ. ಎನ್‌ಟಿಎಫ್‌ಎಸ್ ಮಾಡಿಕೊಂಡರೆ ಮ್ಯಾಕ್ ಓದುತ್ತದೆ, ಬರೆಯುವುದಿಲ್ಲ.

ಮನೆಯಲ್ಲೇ ಒಂದು ಫೈಲ್ ಸರ್ವರ್ ಇಟ್ಟರೆ ಈ ತಾಪತ್ರಯ ತಪ್ಪುತ್ತದೆ. ಆಗ ಡಿಸ್ಕನ್ನು ಯಾವ ಫಾರ್ಮ್ಯಾಟ್‌ನಲ್ಲಿ ಇಟ್ಟಿದ್ದೀರಿ ಎಂಬುದು ಉಳಿದ ಯಂತ್ರಗಳಿಗೆ ಬೇಕಾಗುವುದೇ ಇಲ್ಲ. ಅವು ಡಿಸ್ಕನ್ನು ಮುಟ್ಟುವುದಿಲ್ಲ. ಎಸ್‌ಎಂಬಿ ಎಂಬ ಒಪ್ಪಿತ ಭಾಷೆಯಲ್ಲಿ ಸರ್ವರನ್ನು ಕೇಳುತ್ತವೆ, ಅದು ಕೊಡುತ್ತದೆ. ಲಿನಕ್ಸ್‌ಗೆ ಆ ಭಾಷೆ ಕಲಿಸಿದ್ದು ಸಾಂಬಾ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ 1990ರ ದಶಕದ ಆರಂಭದಲ್ಲಿ, ಕ್ಯಾನ್‌ಬೆರಾದಲ್ಲಿ ವಿದ್ಯಾರ್ಥಿಯಾಗಿದ್ದಾಗ, ತಂತಿಯಲ್ಲಿ ಹರಿಯುವ ಪ್ಯಾಕೆಟ್‌ಗಳನ್ನು ಗಮನಿಸುತ್ತಲೇ ಇದನ್ನು ಬರೆಯತೊಡಗಿದರು. ಇವತ್ತಿಗೂ ಉಚಿತ.

ಹಳೆಯ ಲ್ಯಾಪ್‌ಟಾಪ್‌ಗೆ ಡೆಬಿಯನ್ ಲಿನಕ್ಸ್, ಅದರ ಮೇಲೆ ಸಾಂಬಾ, ಮನೆಯ ಒಬ್ಬೊಬ್ಬರಿಗೂ ಒಂದು ಪಾಸ್‌ವರ್ಡ್. ಪಾಸ್‌ವರ್ಡ್ ಬೇಡವೆಂದು ಉದಾಸೀನ ಮಾಡಬೇಡಿ. ವಿಂಡೋಸ್ 11ರ ಹಲವು ಆವೃತ್ತಿಗಳು ಗೆಸ್ಟ್ ಪ್ರವೇಶವನ್ನೇ ತಡೆಯುತ್ತವೆ. ಐಫೋನಿನ ಫೈಲ್ಸ್ ಆ್ಯಪ್ ಕೂಡ 2019ರಿಂದ ಎಸ್‌ಎಂಬಿ ಬಲ್ಲದು.

ಕನ್ನಡಿಗರು ವಿಶೇಷವಾಗಿ ಎಚ್ಚರ ವಹಿಸಬೇಕಾದ್ದು ಫೋಲ್ಡರ್‌ಗಳ ಹೆಸರಿನಲ್ಲಿ. ರಾಯಚೂರು, ಮಾನ್ವಿ, ದೇವದುರ್ಗ ಎಂದು ಮೂರು ಫೋಲ್ಡರ್ ಮಾಡಿ. ಮೊದಲೆರಡು ಎಲ್ಲಿ ಹೋದರೂ ಒಂದೇ ಆಗಿರುತ್ತವೆ. ದೇವದುರ್ಗದ್ದೇ ಕಥೆ ಬೇರೆ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕು ‘ದೇ’ ಅಕ್ಷರದ ಏತ್ವವನ್ನು ಬಿಡಿಸಿ, ಎತ್ವ ಮತ್ತು ದೀರ್ಘದ ಗುರುತು ಎಂದು ಎರಡು ಯುನಿಕೋಡ್ ಸಂಕೇತಗಳಾಗಿ ಇಡುತ್ತದೆ. ವಿಂಡೋಸ್‌ನಲ್ಲಿ ಟೈಪಿಸಿದ್ದು ಸಾಮಾನ್ಯವಾಗಿ ಒಂದೇ ಸಂಕೇತ. ಅಂಥ ಡಿಸ್ಕಿನಿಂದ ಆರ್‌ಸಿಂಕ್ ಎಂಬ ಕಾಪಿ ತಂತ್ರಾಂಶದ ಮೂಲಕ ಲಿನಕ್ಸ್‌ಗೆ ಕಾಪಿ ಮಾಡಿದರೆ, ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ‘ದೇವದುರ್ಗ’ ಫೋಲ್ಡರ್‌ಗಳು ಅಕ್ಕಪಕ್ಕ ಕೂರಬಹುದು. ಪತ್ರ ಒಂದರಲ್ಲಿ, ಹುಡುಕಾಟ ಇನ್ನೊಂದರಲ್ಲಿ! ಆರ್‌ಸಿಂಕ್‌ನ ಐಕಾನ್ವ್ ಆಯ್ಕೆ ಬಳಸಿದರೆ ಹೆಸರುಗಳು ಒಂದೇ ರೂಪಕ್ಕೆ ಬರುತ್ತವೆ. ಈ ಒಂದು ವಿಷಯವನ್ನು ನಮ್ಮ ಕಂಪ್ಯೂಟರ್ ತರಗತಿಗಳಲ್ಲಿ ಹೇಳಿಕೊಡಲೇಬೇಕು.

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಬಾಗಿಲು ಮುಚ್ಚಿದ ಕಪಾಟಿನಲ್ಲಿ ಹಾರ್ಡ್‌ಡಿಸ್ಕ್ ಇಡಬೇಡಿ. ಗಾಳಿಯಾಡುವ, ನೆಲಕ್ಕೆ ಹತ್ತಿರದ ಜಾಗ ವಾಸಿ. ಕರೆಂಟ್ ಹೋದಾಗ ಲ್ಯಾಪ್‌ಟಾಪಿನ ಬ್ಯಾಟರಿಯೇ ಯುಪಿಎಸ್ ಆಗುತ್ತದೆ, ಆದರೆ ಉಬ್ಬಿದ ಬ್ಯಾಟರಿಯನ್ನು ಒಂದು ದಿನವೂ ಇಟ್ಟುಕೊಳ್ಳಬಾರದು. ಡೆಸ್ಕ್‌ಟಾಪ್ ಆದರೆ ಖರ್ಚನ್ನೂ ಲೆಕ್ಕ ಹಾಕಿ: 50 ವ್ಯಾಟ್ ಎಳೆಯುವ ಯಂತ್ರ ದಿನವಿಡೀ ನಡೆದರೆ 1.2 ಯೂನಿಟ್.

ಮಾನ್ವಿ, ದೇವದುರ್ಗದವರಿಗೂ ಫೈಲ್ ಸಿಗಲೆಂದು ರೌಟರಿನಲ್ಲಿ 445ನೇ ಪೋರ್ಟ್ ತೆರೆದಿಡುವವರಿದ್ದಾರೆ. ದಯವಿಟ್ಟು ಬೇಡ. 2017ರಲ್ಲಿ ಜಗತ್ತನ್ನೇ ಕಾಡಿದ ವನ್ನಾಕ್ರೈ ಹಬ್ಬಿದ್ದು ಹಳೆಯ ಎಸ್‌ಎಂಬಿಯ ಇದೇ ದಾರಿಯಲ್ಲಿ. ಬದಲಿಗೆ ವೈರ್‌ಗಾರ್ಡ್ ಎಂಬ ವಿಪಿಎನ್ ಅಥವಾ ಅದರ ಮೇಲೆ ಕಟ್ಟಿದ ಟೇಲ್‌ಸ್ಕೇಲ್ ಹಾಕಿಕೊಳ್ಳಿ. ಎರಡನೆಯದು ಸ್ವಂತ ಪಬ್ಲಿಕ್ ಐಪಿ ಇಲ್ಲದ ಸಂಪರ್ಕದಲ್ಲೂ ನಡೆಯುತ್ತದೆ.

ಸರ್ವರ್‌ಗೆಂದೇ ಹೊಸ ಪೆಟ್ಟಿಗೆ ಕೊಳ್ಳುವ ದುಡ್ಡಿದ್ದರೆ ಮೊದಲು ಇನ್ನೊಂದು ಡಿಸ್ಕ್ ಕೊಂಡು ದೇವದುರ್ಗದ ಮನೆಯ ಕಂಪ್ಯೂಟರಿಗೆ ಜೋಡಿಸಿಡಿ ಎಂದೇ ನಾನು ಹೇಳುವುದು. ರಾಯಚೂರಿನ ಮನೆಯಲ್ಲಿ ಕಳ್ಳತನವಾದರೂ ಪಹಣಿ ಅಲ್ಲಿರುತ್ತದೆ. ಸಿಂಕ್‌ಥಿಂಗ್ ಎಂಬ ತಂತ್ರಾಂಶ ಆ ಪ್ರತಿಯನ್ನು ತಾನಾಗಿ ಹೊಸದಾಗಿಡುತ್ತದೆ. ಆದರೆ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಅದಕ್ಕೇ ದೇವದುರ್ಗದ ಯಂತ್ರದಲ್ಲಿ ಫೈಲ್ ವರ್ಷನಿಂಗ್ ಆನ್ ಮಾಡಿಡಬೇಕು. ಆಗ ಇಲ್ಲಿ ಅಳಿಸಿದ ಫೈಲಿನ ಹಳೆಯ ಪ್ರತಿ ಅಲ್ಲಿ ಬೇರೆ ಫೋಲ್ಡರಿನಲ್ಲಿ ಉಳಿಯುತ್ತದೆ.